ಕೂದಲೆಳೆಯ ಎಡೆ

ಮನೆಗೆ ಬಂದ ಯಂತ್ರ ಯಾವುದೇ ಆಗಲಿ, ಅದು ಸದ್ದು ಮಾಡಬಾರದೆಂಬುದು ನಮ್ಮ ಸಂಸಾರಗಳ ಮೊದಲ ಆಸೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇವೆ. ಹೊಲಿಗೆಯ ಯಂತ್ರ ಗದ್ದಲವೆಬ್ಬಿಸಿದರೂ ಎಣ್ಣೆಯೇ. ಇನ್ನು ಸ್ಕೂಟರಿನ ಎಂಜಿನ್ನು ಸಣ್ಣಗೆ ‘ಟಿಕ್ ಟಿಕ್’ ಎನ್ನತೊಡಗಿತೆಂದರೆ ಯಜಮಾನರಿಗೆ ಅಂದಿನ ಊಟ ರುಚಿಸುವುದಿಲ್ಲ. ಗ್ಯಾರೇಜಿಗೆ ಒಯ್ದು, “ಏನಾದರೂ ಮಾಡಿ ಈ ಸದ್ದೊಂದನ್ನು ನಿಲ್ಲಿಸಿಬಿಡಪ್ಪ” ಎನ್ನುತ್ತಾರೆ. ಮೆಕ್ಯಾನಿಕ್ ನಿಲ್ಲಿಸುತ್ತಾನೆ. ಗಾಡಿ ಬೆಣ್ಣೆಯ ಮೇಲೆ ಸಾಗಿದಂತೆ ಸಾಗುತ್ತದೆ. ಯಜಮಾನರು ಸಂತೋಷದಿಂದ ಹಣ ಕೊಟ್ಟು ಮನೆಗೆ ಬರುತ್ತಾರೆ.

ಆದರೆ ಓದುಗರೇ, ಆ ಮೌನ ಎಲ್ಲ ವೇಳೆಯಲ್ಲೂ ಆರೋಗ್ಯದ ಲಕ್ಷಣವಲ್ಲ. ಎಂಜಿನ್ನಿನ ತಲೆಯೊಳಗೆ, ಒಂದು ಲೋಹದ ತುದಿಗೂ ಇನ್ನೊಂದು ಲೋಹದ ತುದಿಗೂ ನಡುವೆ, ಕೂದಲೆಳೆಯಷ್ಟು ಎಡೆ ಇರಲೇಬೇಕೆಂದು ಅದನ್ನು ಕಟ್ಟಿದವರು ಬೇಕೆಂದೇ ಬಿಟ್ಟಿರುತ್ತಾರೆ. ಆ ಸಣ್ಣ ಸದ್ದು ಹುಟ್ಟುವುದು ಅಲ್ಲಿಂದ. ಎಡೆ ಹೆಚ್ಚಾದರೆ ಯಂತ್ರ ಕೂಗಿ ಹೇಳುತ್ತದೆ. ಕಡಿಮೆಯಾದರೆ ಮಾತ್ರ ತುಟಿ ಬಿಚ್ಚುವುದಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ‘ಟ್ಯಾಪೆಟ್ ಸೆಟ್ಟಿಂಗ್’ ಎನಿಸಿಕೊಳ್ಳುವ ಕೆಲಸ ಈ ಎಡೆಯನ್ನು ಅಳೆದು ಸರಿಪಡಿಸುವುದೇ ಆಗಿದೆ.

ಹಳೆಯ ಸ್ಕೂಟರಿಗೆ ಇಲ್ಲದ ಚಿಂತೆ

ನಮ್ಮ ತಂದೆಯವರ ಕಾಲದ ಸ್ಕೂಟರುಗಳಿಗೆ ಈ ಚಿಂತೆಯೇ ಇರಲಿಲ್ಲ. 1972ರಲ್ಲಿ ಬಂದ ಬಜಾಜ್ ಚೇತಕ್, ಅದಕ್ಕೂ ಹಿಂದಿನ ಲ್ಯಾಂಬ್ರೆಟಾ, 1984ರಲ್ಲಿ ಬಂದ ಕೈನೆಟಿಕ್ ಹೋಂಡಾ, ಇವೆಲ್ಲ ‘ಟು ಸ್ಟ್ರೋಕ್’ ಜಾತಿಯ ಎಂಜಿನ್ನುಗಳು. ಅವುಗಳ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿದ್ದವು. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ತಾನೇ ಆ ಕಿಂಡಿಗಳನ್ನು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಬಾಗಿಲೂ ಇಲ್ಲ, ಬಾಗಿಲು ಕಾಯುವವನೂ ಇಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿದರೆ, ಪ್ಲಗ್ಗಿನ ಮಸಿ ತೆಗೆದರೆ, ಅರ್ಧ ಸಂಸಾರ ಸಾಗಿದಂತೆ. ಆದರೆ ಆ ಎಂಜಿನ್ನು ತನ್ನ ಉಸಿರಿನ ಒಂದು ಪಾಲನ್ನು ಉರಿಸದೆಯೇ ಹೊರಚೆಲ್ಲುತ್ತಿತ್ತು. ಎಣ್ಣೆಯ ಹೊಗೆಯನ್ನೂ ಉಗುಳುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಅದು ಹಿಂದೆ ಸರಿಯಿತು. 2000ದ ಸುಮಾರಿಗೆ ಹೋಂಡಾ ಆಕ್ಟಿವಾದಂಥ ‘ಫೋರ್ ಸ್ಟ್ರೋಕ್’ ಸ್ಕೂಟರುಗಳು ನಮ್ಮ ಬೀದಿಗಳಿಗೆ ಬಂದವು. ಅವುಗಳೊಡನೆ ಬಾಗಿಲುಗಳೂ ಬಂದವು.

ಆ ಬಾಗಿಲುಗಳ ಹೆಸರೇ ‘ವಾಲ್ವು’. ನಮ್ಮ ಪಠ್ಯಪುಸ್ತಕಗಳಲ್ಲಿ ಕವಾಟ. ನೋಡಲು ಉದ್ದ ಕಾಂಡದ ಅಣಬೆಯ ಹಾಗೆ. ಸಣ್ಣ ಸ್ಕೂಟರಿನಲ್ಲಿ ಸಾಮಾನ್ಯವಾಗಿ ಇಂಥವು ಎರಡು: ಒಂದು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಬಿಡುವುದು, ಇನ್ನೊಂದು ಸುಟ್ಟ ಅನಿಲವನ್ನು ಹೊರಕ್ಕೆ ಕಳಿಸುವುದು. ಮಿಶ್ರಣವನ್ನು ಒಳಗೆಳೆದುಕೊಳ್ಳುವುದು, ಒತ್ತುವುದು, ಉರಿಸಿ ಶಕ್ತಿ ಪಡೆಯುವುದು, ಉಳಿದುದನ್ನು ಹೊರದೂಡುವುದು, ಇವು ನಾಲ್ಕು ಹೊಡೆತಗಳು. ಜರ್ಮನಿಯ ನಿಕೊಲಾಸ್ ಆಟೋ 1876ರಲ್ಲಿ ನಡೆಸಿ ತೋರಿಸಿದ ಕ್ರಮವೇ ಇಂದಿಗೂ ನಮ್ಮನ್ನು ತರಕಾರಿಯ ಅಂಗಡಿಗೆ ಒಯ್ಯುತ್ತಿದೆ.

ಒತ್ತುವಾಗಲೂ ಉರಿಯುವಾಗಲೂ ಎರಡು ಬಾಗಿಲುಗಳೂ ಬಿಗಿಯಾಗಿ ಮುಚ್ಚಿರಬೇಕು. ಬಾಗಿಲನ್ನು ಮುಚ್ಚಿಡುವುದು ಒಂದು ಬಲವಾದ ಸ್ಪ್ರಿಂಗು. ತೆರೆಯುವುದು ‘ರಾಕರ್’ ಎಂಬ ಪುಟ್ಟ ಏತ. ಏತದ ಒಂದು ತುದಿಯನ್ನು ‘ಕ್ಯಾಮ್’ ಎಂಬ ಮೊಟ್ಟೆಯಾಕಾರದ ಉಬ್ಬು ಎತ್ತಿದರೆ ಇನ್ನೊಂದು ತುದಿ ವಾಲ್ವಿನ ಕಾಂಡವನ್ನು ಒತ್ತುತ್ತದೆ. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿಯೊಂದು ಬಾಗಿಲೂ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚಬೇಕು. ಯಾವ ದ್ವಾರಪಾಲಕನಿಗೂ ಇಷ್ಟು ಕೆಲಸವಿಲ್ಲ!

ಎಡೆ ಏಕೆ ಬೇಕು?

ಏತದ ತುದಿ ವಾಲ್ವಿನ ಕಾಂಡಕ್ಕೆ ಸದಾ ಅಂಟಿಕೊಂಡೇ ಇರಬಾರದೆ? ಇರಬಾರದು. ಏಕೆಂದರೆ ಲೋಹ ಕಾದಾಗ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಸಲಾಕೆಯನ್ನು 100 ಡಿಗ್ರಿಯಷ್ಟು ಹೆಚ್ಚಾಗಿ ಕಾಯಿಸಿದರೆ ಅದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಬೆಳೆಯುತ್ತದೆ. ಹಳೆಯ ರೈಲುಮಾರ್ಗಗಳಲ್ಲಿ ಹಳಿಗೂ ಹಳಿಗೂ ನಡುವೆ ಸಂದು ಬಿಡುತ್ತಿದ್ದುದು ಇದೇ ಕಾರಣಕ್ಕೆ. ಬಾಲ್ಯದಲ್ಲಿ ನಾವು ಕಿಟಕಿಯ ಪಕ್ಕ ಕುಳಿತು ಕೇಳುತ್ತಿದ್ದ ‘ಟಕಟಕ-ಟಕಟಕ’ ಎಂಬ ತಾಳ ಆ ಸಂದುಗಳದೇ. ಸಂದಿಲ್ಲದೆ ಹಳಿ ಜೋಡಿಸಿದ್ದರೆ ಪ್ರಯಾಣ ಮೌನವಾಗಿರುತ್ತಿತ್ತು. ಬೇಸಗೆಯ ಮಧ್ಯಾಹ್ನ ಹಳಿ ಸೊಟ್ಟಗಾಗುತ್ತಿತ್ತು. ಸ್ಕೂಟರಿನ ‘ಟಿಕ್ ಟಿಕ್’ ಆ ರೈಲಿನ ತಾಳದ ತಮ್ಮನೆಂದೇ ತಿಳಿಯಬಹುದು.

ಎಂಜಿನ್ನು ಹೊತ್ತಿಕೊಂಡೊಡನೆ ಮೊದಲು ಕಾಯುವುದು ವಾಲ್ವು. ಬೆಂಕಿ ಅದರ ಮುಖಕ್ಕೇ ಬಡಿಯುತ್ತದೆ. ಸುತ್ತಲಿನ ಅಲ್ಯುಮಿನಿಯಂ ಹೆಡ್ಡು ನಿಧಾನವಾಗಿ ಕಾಯುತ್ತದೆ, ಬೇರೆ ಪ್ರಮಾಣದಲ್ಲಿ ಹಿಗ್ಗುತ್ತದೆ. ಈ ಏರುಪೇರಿನ ನಡುವೆ ಯಾವ ಕ್ಷಣದಲ್ಲಿಯೂ ಏತವು ವಾಲ್ವನ್ನು ತಳ್ಳಿಹಿಡಿಯದಂತೆ ಕಾಪಾಡುವುದೇ ಆ ಎಡೆಯ ಕೆಲಸ. ಅದರ ಅಳತೆ ಗಾಡಿಯಿಂದ ಗಾಡಿಗೆ ಬೇರೆ. ಸಣ್ಣ ಸ್ಕೂಟರುಗಳಲ್ಲಿ ಸುಮಾರು 0.05ರಿಂದ 0.20 ಮಿಲಿಮೀಟರಿನವರೆಗೆ. ನಾವು ಬರೆಯುವ ಕಾಗದದ ಒಂದು ಹಾಳೆಯ ದಪ್ಪ ಸುಮಾರು 0.10 ಮಿಲಿಮೀಟರ್ ಎಂದರೆ ಇದರ ಸೂಕ್ಷ್ಮತೆ ತಿಳಿದೀತು.

ಕಾವ್ಯ ಓದುವವರಿಗೆ ಯತಿಯ ಬೆಲೆ ಗೊತ್ತು. ಸಾಲಿನ ನಡುವೆ ಉಸಿರಿಗೆ ಎಡೆ ಕೊಡದೆ ಓದಿದರೆ ಪದ್ಯವೂ ಕೆಡುತ್ತದೆ, ಓದುವವನ ದಮ್ಮೂ ಕಟ್ಟುತ್ತದೆ. ಯಂತ್ರಕ್ಕೂ ಯತಿಯುಂಟು.

ಹೆಚ್ಚಾದರೆ ಗದ್ದಲ, ಕಡಿಮೆಯಾದರೆ ಗಂಡಾಂತರ

ಏತದ ತುದಿ, ಕ್ಯಾಮಿನ ಮೈ ಸವೆದರೆ ಎಡೆ ಹೆಚ್ಚುತ್ತದೆ. ಆಗ ಬಾಗಿಲು ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಪೂರ್ತಿ ತೆರೆಯುವುದೂ ಇಲ್ಲ. ಗಾಡಿಯ ಎಳೆತ ಕುಗ್ಗುತ್ತದೆ, ಸದ್ದು ಏರುತ್ತದೆ, ಬಡಿದು ಬಡಿದು ತುದಿಗಳು ಇನ್ನಷ್ಟು ಸವೆಯುತ್ತವೆ. ತೊಂದರೆ ನಿಜ; ಆದರೆ ಅದು ಬೀದಿಗೆಲ್ಲ ಕೇಳುವ ತೊಂದರೆ. ಯಾರಾದರೂ ಗಮನಿಸಿಯೇ ಗಮನಿಸುತ್ತಾರೆ.

ಇನ್ನೊಂದು ಸವೆತ ಮೋಸದ್ದು. ವಾಲ್ವು ಲಕ್ಷಾಂತರ ಬಾರಿ ತನ್ನ ಪೀಠದ ಮೇಲೆ ಬಡಿದು ಕೂರುವುದರಿಂದ ಎರಡೂ ಕೊಂಚ ಕೊಂಚ ತೇಯುತ್ತವೆ. ವಾಲ್ವು ಪೀಠದೊಳಕ್ಕೆ ಇಳಿಯುತ್ತದೆ. ಅತ್ತ ಇಳಿದಷ್ಟೂ ಇತ್ತ ಕಾಂಡದ ತುದಿ ಏತದ ಕಡೆಗೆ ಏರುತ್ತದೆ. ಎಡೆ ದಿನದಿನಕ್ಕೂ ಕಿರಿದಾಗುತ್ತದೆ. ಗಾಡಿ ಮೊದಲಿಗಿಂತ ನಯವಾಗಿ ಓಡುತ್ತಿರುವಂತೆ ತೋರುತ್ತದೆ. ಕೊನೆಗೊಂದು ದಿನ ಎಡೆ ಸೊನ್ನೆಗೆ ಇಳಿದಾಗ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಸುಟ್ಟ ಅನಿಲದ ವಾಲ್ವಿಗೆ ಇದು ಪ್ರಾಣಸಂಕಟ. ಒಳಬಾಗಿಲಿಗೆ ಪ್ರತಿ ಸಲವೂ ತಣ್ಣನೆಯ ಮಿಶ್ರಣ ತಗಲುತ್ತದೆ; ಹೊರಬಾಗಿಲಿಗೆ ತಗಲುವುದು ಬರಿಯ ಬೆಂಕಿ. ತನ್ನ ಕಾವಿನ ಬಹುಪಾಲನ್ನು ಅದು ಇಳಿಸಿಕೊಳ್ಳುವುದು ಪೀಠದ ಮೇಲೆ ಕುಳಿತಿರುವ ಅರೆಗಳಿಗೆಯಲ್ಲಿ. ಕೂರಲು ಬಿಡದಿದ್ದರೆ ಆ ಕಾವು ಎಲ್ಲಿಗೆ ಹೋಗಬೇಕು? ಸಂದಿನಿಂದ ಉರಿಯೂ ನುಗ್ಗುತ್ತದೆ. ಅಂಚು ಸುಟ್ಟು ತುಂಡಾಗುತ್ತದೆ. ಸಿಲಿಂಡರು ಒತ್ತಡ ಹಿಡಿಯದಂತಾಗುತ್ತದೆ. ಅದಕ್ಕೇ ಹಳೆಯ ಮೆಕ್ಯಾನಿಕ್ಕರು, ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದು ಮಾಡದ ಟ್ಯಾಪೆಟ್ಟಿಗೆ ಹೆದರಬೇಕು ಎನ್ನುವುದು.

ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುವ ಹಿರಿಯರೊಬ್ಬರ ಸ್ಕೂಟರಿನ ಇತಿಹಾಸ ಇಲ್ಲಿ ಹೇಳುವಂಥದು. ಗಾಡಿ ಬೆಳಗಿನ ಹೊತ್ತು ಹತ್ತಲೊಲ್ಲದು. ಸೆಲ್ಫ್ ಒತ್ತಿ ಬ್ಯಾಟರಿ ಸೋತಿತು. ಒದ್ದು ಒದ್ದು ಕಾಲು ಸೋತಿತು. ಹೇಗೋ ಹತ್ತಿ ಎಂಜಿನ್ನು ಕಾದರೆ ಮತ್ತೆ ಸಂಜೆಯವರೆಗೆ ತಕರಾರಿಲ್ಲ. ಪ್ಲಗ್ ಬದಲಾಯಿತು, ಕಾರ್ಬುರೇಟರನ್ನು ಎರಡು ಸಲ ತೊಳೆದದ್ದಾಯಿತು, ಹೊಸ ಬ್ಯಾಟರಿಯೂ ಬಂತು. ಮಗಳ ಪರೀಕ್ಷೆಯ ದಿನ ಆಟೋ ಹಿಡಿದು ಓಡಬೇಕಾಯಿತು. ಕಡೆಗೆ ವಯಸ್ಸಾದ ಮೆಕ್ಯಾನಿಕ್ಕರೊಬ್ಬರು ಕಿಕ್ಕನ್ನು ಕೈಯಿಂದಲೇ ನಿಧಾನವಾಗಿ ಒತ್ತಿ ನೋಡಿ ಕೇಳಿದರಂತೆ:

“ಸಾರ್, ಇದರ ಟ್ಯಾಪೆಟ್ ಯಾರಾದರೂ ಮುಟ್ಟಿದ್ದರೆ?”

“ಹೌದು ಕಣ್ರೀ, ಆರು ತಿಂಗಳ ಹಿಂದೆ. ಟಿಕ್ ಟಿಕ್ ಎನ್ನುತ್ತಿತ್ತು, ನಿಲ್ಲಿಸಿಕೊಟ್ಟರು.”

“ಸದ್ದನ್ನೂ ನಿಲ್ಲಿಸಿದ್ದಾರೆ, ಉಸಿರನ್ನೂ ನಿಲ್ಲಿಸಿದ್ದಾರೆ.”

ತೆರೆದು ನೋಡಿದಾಗ ಹೊರಬಾಗಿಲಿಗೆ ಎಡೆಯೇ ಇರಲಿಲ್ಲ. ಅಂಚು ಆಗಲೇ ಸುಟ್ಟಿತ್ತು. ಅರ್ಧ ಗಂಟೆಯಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಹೆಡ್ಡನ್ನೇ ಬಿಚ್ಚಿ, ಹೊಸ ವಾಲ್ವು ಹಾಕಿ, ಪೀಠವನ್ನು ಉಜ್ಜಿ ಕೂರಿಸಬೇಕಾಯಿತು. ಖರ್ಚಿನ ಪಟ್ಟಿ ನೋಡಿ ಮನೆಯಲ್ಲಿ ನಡೆದ ಸಂವಾದವನ್ನು ಅವರು ನಮಗೆ ಹೇಳಿಲ್ಲ.

ಅಳೆಯುವ ಬಗೆ

ಕೈಯಲ್ಲಿ ಹದವಿದ್ದು ತಾಳ್ಮೆಯಿರುವವರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ಮಾಡಲು ಇಷ್ಟವಿಲ್ಲದವರೂ ಕ್ರಮವನ್ನು ತಿಳಿದಿದ್ದರೆ ಗ್ಯಾರೇಜಿನಲ್ಲಿ ಎದುರು ನಿಂತು ಮಾಡಿಸಬಹುದು.

ಮೊದಲನೆಯ ನಿಯಮ: ಎಂಜಿನ್ನು ಪೂರ್ಣ ತಣ್ಣಗಿರಬೇಕು. ರಾತ್ರಿಯೆಲ್ಲ ನಿಂತ ಗಾಡಿಯೇ ಯೋಗ್ಯ. ಕಾರ್ಖಾನೆಯವರು ಕೊಟ್ಟ ಅಳತೆ ತಣ್ಣನೆಯ ಎಂಜಿನ್ನಿನದು. ಸವಾರಿ ಮಾಡಿಕೊಂಡು ಬಂದೊಡನೆ ಅಳೆದರೆ ಆ ಅಂಕಿಗೆ ಅರ್ಥವಿಲ್ಲ. ಆ ಅಳತೆ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಇರುತ್ತದೆ. ಒಳಬಾಗಿಲಿಗೊಂದು, ಹೊರಬಾಗಿಲಿಗೊಂದು ಅಂಕಿ ಇರಬಹುದು. ಪಕ್ಕದ ಮನೆಯವರ ಗಾಡಿಯ ಅಂಕಿಯನ್ನು ಎರವಲು ತರಬಾರದು.

ಆಸನದ ಕೆಳಗಿನ ಪೆಟ್ಟಿಗೆಯನ್ನೋ ಮುಚ್ಚಳವನ್ನೋ ತೆಗೆದು, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಹೆಡ್ಡಿನ ಮೇಲಿನ ಕವಚವನ್ನು ಕಳಚಬೇಕು. ಪ್ಲಗ್ ಬಿಚ್ಚಿದ್ದರೆ ಎಂಜಿನ್ನು ಕೈಯಿಂದಲೇ ಹಗುರವಾಗಿ ತಿರುಗುತ್ತದೆ. ಅದು ಓಡುವ ದಿಕ್ಕಿಗೇ ಮೆಲ್ಲನೆ ತಿರುಗಿಸುತ್ತ, ಫ್ಲೈವೀಲಿನ ಮೇಲಿನ ಗುರುತು ಎಂಜಿನ್ನಿನ ಮೈಮೇಲಿನ ಗುರುತಿಗೆ ಸೇರುವಂತೆ ನಿಲ್ಲಿಸಬೇಕು. ಹಲವು ಗಾಡಿಗಳಲ್ಲಿ ಅದು ‘ಟಿ’ ಎಂಬ ಇಂಗ್ಲಿಷ್ ಅಕ್ಷರ. ಆಗ ಪಿಸ್ಟನ್ ಶಿಖರದಲ್ಲಿರುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ನಾಲ್ಕು ಹೊಡೆತಗಳ ಒಂದು ಆವರ್ತದಲ್ಲಿ ಪಿಸ್ಟನ್ ಎರಡು ಸಲ ಶಿಖರ ಮುಟ್ಟುತ್ತದೆ. ನಮಗೆ ಬೇಕಾದದ್ದು ಒತ್ತುವ ಹೊಡೆತದ ಕೊನೆ. ಆಗ ಎರಡು ಬಾಗಿಲುಗಳೂ ಮುಚ್ಚಿರುತ್ತವೆ. ಬೆರಳಿನಿಂದ ಅಲುಗಿಸಿದರೆ ಎರಡು ಏತಗಳೂ ಕೊಂಚ ಆಡಬೇಕು. ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಆಗಲೂ ಒಂದು ಏತ ಆಡದಿದ್ದರೆ ಅದರ ಎಡೆ ಮುಚ್ಚಿಹೋಗಿದೆಯೆಂದೇ ಅರ್ಥ.

ಅಳೆಯುವ ಸಾಧನ ‘ಫೀಲರ್ ಗೇಜ್’. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳ ಕಟ್ಟು ಅದು. ಎಲೆಯೆಲೆಯ ಮೇಲೂ ದಪ್ಪದ ಅಂಕಿ ಕೊರೆದಿರುತ್ತದೆ. ತಕ್ಕ ಎಲೆಯನ್ನು ಏತದ ಸ್ಕ್ರೂ ತುದಿಗೂ ವಾಲ್ವಿನ ಕಾಂಡಕ್ಕೂ ನಡುವೆ ತೂರಿಸಿ ಎಳೆದರೆ, ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಕಾಗದದ ಚೀಟಿಯನ್ನು ಎಳೆದಂತೆ ನಯವಾದ ತಡೆ ಕೈಗೆ ತಿಳಿಯಬೇಕು. ಬೆರಳಿನ ಮೇಲೆ ನಂಬಿಕೆ ಸಾಲದವರಿಗೆ ಇನ್ನೊಂದು ಪರೀಕ್ಷೆ: ಬೇಕಾದ ಅಳತೆಗಿಂತ ಒಂದು ಮೆಟ್ಟಿಲು ತೆಳುವಾದ ಎಲೆ ಸಲೀಸಾಗಿ ಹೋಗಬೇಕು, ಒಂದು ಮೆಟ್ಟಿಲು ದಪ್ಪನೆಯದು ಹೋಗಲೇಬಾರದು.

ಎಡೆ ತಪ್ಪಿದ್ದರೆ ಬೀಗದ ನಟ್ಟನ್ನು ಸಡಿಲಿಸಿ, ಎಲೆಯನ್ನು ನಡುವೆಯೇ ಇರಿಸಿಕೊಂಡು ಸ್ಕ್ರೂ ತಿರುಗಿಸಿ ಹದಕ್ಕೆ ತರಬೇಕು. ಆಮೇಲೆ ಸ್ಕ್ರೂ ಕದಲದಂತೆ ಹಿಡಿದು ನಟ್ಟನ್ನು ಬಿಗಿಯಬೇಕು. ಬಿಗಿಯುವಾಗಲೇ ಅಳತೆ ಜಾರುವುದು ಹೆಚ್ಚು. ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಗುರುತು ಕೂಡಿಸಿ, ಮಗುದೊಮ್ಮೆ ಅಳೆದರೆ ನಿಶ್ಚಿಂತೆ. ನಟ್ಟನ್ನು ಸಡಿಲವಾಗಿ ಬಿಡುವುದೂ ಬೇಡ, ಭೀಮನ ಬಲದಿಂದ ತಿರುಚುವುದೂ ಬೇಡ. ಕೈಪಿಡಿ ಹೇಳಿದಷ್ಟು ಸಾಕು. ಕವಚ ಮುಚ್ಚುವಾಗ ಅದರ ರಬ್ಬರಿನ ಅಂಚು ಹರಿದಿದ್ದರೆ ಹೊಸದು ಹಾಕಬೇಕು, ಇಲ್ಲವಾದರೆ ಎಣ್ಣೆ ಒಸರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಸ್ಕ್ರೂ ಇರುವುದಿಲ್ಲ. ಬೇರೆ ಬೇರೆ ದಪ್ಪದ ಲೋಹದ ಬಿಲ್ಲೆಗಳನ್ನು ಬದಲಿಸಿ ಎಡೆಯನ್ನು ಹೊಂದಿಸಬೇಕು. ಅದು ಪಳಗಿದ ಕೈಯ ಕೆಲಸ.

ಕೇಳಬೇಕಾದ ಪ್ರಶ್ನೆ

ಈಚೆಗೆ ಬೀದಿಗಳಲ್ಲಿ ವಿದ್ಯುತ್ ಸ್ಕೂಟರುಗಳು ಹೆಚ್ಚುತ್ತಿವೆ. 2020ರಲ್ಲಿ ಚೇತಕ್ ಎಂಬ ಹಳೆಯ ಹೆಸರೇ ವಿದ್ಯುತ್ತಿನ ಮೈ ತಳೆದು ಮರಳಿತು. ಅವುಗಳಿಗೆ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಆದರೂ ಪೆಟ್ರೋಲಿನ ಸ್ಕೂಟರು ಇನ್ನೂ ಅನೇಕ ಮನೆಗಳ ಅಂಗಳದಲ್ಲಿ ನಿಂತಿದೆ. ಮಕ್ಕಳನ್ನು ಶಾಲೆಗೂ ಹಿರಿಯರನ್ನು ಆಸ್ಪತ್ರೆಗೂ ಮುಟ್ಟಿಸುವ ಭಾರ ಅದರ ಮೇಲಿದೆ.

ಅಂಥ ಗಾಡಿಯನ್ನು ಸರ್ವಿಸಿಗೆ ಬಿಡುವಾಗ ಎಣ್ಣೆ ಬದಲಿಸಿದಿರಾ, ತೊಳೆದಿರಾ ಎಂದು ಎಲ್ಲರೂ ಕೇಳುತ್ತಾರೆ. ಕೈಪಿಡಿಯಲ್ಲಿ ಹೇಳಿದಷ್ಟು ಕಿಲೋಮೀಟರಿಗೊಮ್ಮೆ ಇನ್ನೊಂದು ಮಾತನ್ನೂ ಸೇರಿಸಬೇಕು: “ಟ್ಯಾಪೆಟ್ ಅಳೆದಿರಾ? ಮೊದಲು ಎಷ್ಟಿತ್ತು, ಈಗ ಎಷ್ಟು ಬಿಟ್ಟಿದ್ದೀರಿ?” ಎರಡು ಅಂಕಿಗಳನ್ನೂ ದಿನಾಂಕದೊಡನೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಒಂದು ಸಲಕ್ಕಿಂತ ಇನ್ನೊಂದು ಸಲ ಎಡೆ ಬೇಗ ಬೇಗ ಕಿರಿದಾಗುತ್ತಿದ್ದರೆ, ವಾಲ್ವು ಸುಡುವುದಕ್ಕೆ ಮೊದಲೇ ಆ ಪುಟ ನಿಮಗೆ ಸುದ್ದಿ ಮುಟ್ಟಿಸುತ್ತದೆ. ಕಿವಿಗೆ ಕೇಳಿಸದ ಆ ಕೇಡನ್ನು ಕಂಡುಹಿಡಿಯಲು ಅಳತೆಯ ಹೊರತು ಬೇರೆ ದಾರಿಯಿಲ್ಲ.