ಹೆಚ್ಚುವರಿ ಗುಂಡು ಎಲ್ಲಿರಬೇಕು?

ಮ್ಯಾಗಜೀನ್ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ನೆನಪಾಗುವುದು ವಾರ್ಷಿಕ ಸಂಚಿಕೆ. ಎನ್‌ಸಿಸಿಯಲ್ಲಿರುವ ನಮಗೆ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ: ರೈಫಲ್‌ನಲ್ಲಿ ಗುಂಡುಗಳನ್ನು ತುಂಬಿಡುವ ಚಿಕ್ಕ ಪೆಟ್ಟಿಗೆ. ಎರಡೂ ಒಂದೇ ಪದ. ಅರಬಿಯಲ್ಲಿ ‘ಮಖ್ಝನ್’ ಎಂದರೆ ಉಗ್ರಾಣ. ಅದರ ಬಹುವಚನ ‘ಮಖಾಝಿನ್’. ಅದು ಯುರೋಪಿನ ಭಾಷೆಗಳಿಗೆ ಹೋಗಿ ಮ್ಯಾಗಜೀನ್ ಆಯಿತು. ಅದೇ ಧಾತುವಿನಿಂದ ಬಂದ ‘ಖಜಾನೆ’ ಕನ್ನಡದ್ದೇ ಪದ ಎನ್ನುವಷ್ಟು ನಮ್ಮದಾಗಿದೆ. 1731ರಲ್ಲಿ ಲಂಡನ್ನಿನಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಶುರುವಾದ ಮೇಲೆ ಬರಹಗಳ ಉಗ್ರಾಣಕ್ಕೂ ಆ ಹೆಸರು ನಿಂತಿತು.

ಈ ಲೇಖನ ಗುಂಡುಗಳ ಉಗ್ರಾಣದ ಬಗ್ಗೆ. ಫೈರಿಂಗ್ ಅಭ್ಯಾಸ ಮುಗಿಸಿ ಬಂದಾಗಲೆಲ್ಲ ಮೊದಲ ವರ್ಷದ ಕೆಡೆಟ್‌ಗಳು ಕೇಳುತ್ತಾರೆ: “ಅಣ್ಣಾ, ಕಾಂಪಿಟೀಶನ್‌ನಲ್ಲಿ ಗುಂಡು ಗುರಿ ತಪ್ಪಿದರೆ ಇನ್ನೊಂದು ಕೊಡುತ್ತಾರಾ? ಮ್ಯಾಗಜೀನ್ ಕೈಕೊಟ್ಟರೆ ಸ್ಪೇರ್ ಇಟ್ಟುಕೊಳ್ಳಬಹುದಾ?” ಇವು ಒಂದೇ ಪ್ರಶ್ನೆಯಂತೆ ಕಂಡರೂ ನಿಜವಾಗಿ ಎರಡು ಪ್ರಶ್ನೆಗಳು. ಗುರಿ ತಪ್ಪಿದ್ದಕ್ಕೆ ಕೊಡುವ ಹೆಚ್ಚುವರಿ ಗುಂಡು ಬೇರೆ, ಸಲಕರಣೆ ಕೆಟ್ಟಾಗ ಬಳಸುವ ಹೆಚ್ಚುವರಿ ಬೇರೆ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುವ ಆಟ ಬಯಾಥ್ಲಾನ್.

ನಮಗೆ ಗೊತ್ತಿರುವ ಶೂಟಿಂಗ್

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ. ಈ ಎರಡೂ ಸ್ಪರ್ಧೆಗಳಲ್ಲಿ ಒಂದೊಂದೇ ಗುಂಡನ್ನು ಕೈಯಿಂದ ತುಂಬಿ ಹೊಡೆಯಬೇಕು. ಅಲ್ಲಿ ಮ್ಯಾಗಜೀನ್‌ನ ಮಾತೇ ಇಲ್ಲ. ತಪ್ಪಿದ ಗುಂಡು ತಪ್ಪಿದ್ದೇ. ಅಂಕ ಹೋಯಿತು, ಅಷ್ಟೆ.

ನಮ್ಮ ಎನ್‌ಸಿಸಿ ಫೈರಿಂಗ್ ಕೂಡ ಹೆಚ್ಚುಕಡಿಮೆ ಹೀಗೆಯೇ. ಪಾಯಿಂಟ್ 22 ರೈಫಲ್, 25 ಮೀಟರ್ ದೂರದ ಟಾರ್ಗೆಟ್, ಮಲಗಿ ಹೊಡೆಯುವ ಐದು ರೌಂಡ್. ನೋಡುವುದು ಗ್ರೂಪಿಂಗ್ ಎಷ್ಟು ಚಿಕ್ಕದಾಗಿದೆ ಎಂದು. ಅಲ್ಲಿ ಓಡಿ ಬಂದು ಹೊಡೆಯುವ ಆತುರವಿಲ್ಲ.

ಬಯಾಥ್ಲಾನ್‌ನಲ್ಲಿ ಆತುರವೇ ಆಟದ ಅರ್ಧ ಭಾಗ.

ಹಿಮದ ಮೇಲೆ ಓಟ, ನಡುವೆ ಗುರಿ

ಸ್ಪರ್ಧಿ ರೈಫಲನ್ನು ಬೆನ್ನಿಗೆ ಹಾಕಿಕೊಂಡು ಹಿಮದ ಮೇಲೆ ಸ್ಕೀಯಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುತ್ತಾನೆ. ಏದುಸಿರು ಬಿಡುತ್ತಲೇ ಶೂಟಿಂಗ್ ರೇಂಜಿಗೆ ಬಂದು 50 ಮೀಟರ್ ದೂರದಲ್ಲಿರುವ ಐದು ಗುರಿಗಳಿಗೆ ಐದು ಗುಂಡು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ಒಲಿಂಪಿಕ್ಸ್‌ನಲ್ಲಿ ಪುರುಷರ ಬಯಾಥ್ಲಾನ್ 1960ರಲ್ಲಿ ಶುರುವಾಯಿತು, ಮಹಿಳೆಯರದು 1992ರಲ್ಲಿ. ಮೊದಲು ದೊಡ್ಡ ಗುಂಡಿನ ರೈಫಲ್‌ಗಳಿದ್ದವು. 1978ರಿಂದ ನಾವು ಬಳಸುವಂಥದ್ದೇ ಪಾಯಿಂಟ್ 22 ಗುಂಡು.

ಮ್ಯಾಗಜೀನ್ ಮತ್ತು ಗುಂಡುಗಳನ್ನು ಬಿಟ್ಟು ರೈಫಲ್‌ನ ತೂಕ ಕನಿಷ್ಠ 3.5 ಕಿಲೋ ಇರಬೇಕು. ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್‌ಗೆ ಅನುಮತಿ ಇಲ್ಲ. ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆಯಬೇಕು. ಹೆಚ್ಚಿನವರು ಬಳಸುವ ಫೋರ್ಟ್ನರ್ ಮಾದರಿಯ ಬೋಲ್ಟನ್ನು ತೋರುಬೆರಳಿನಿಂದ ಹಿಂದಕ್ಕೆ ಎಳೆದು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಸಾಕು. ನಮ್ಮ ರೈಫಲ್‌ನಂತೆ ಮೇಲಕ್ಕೆತ್ತಿ ತಿರುಗಿಸುವ ಕೆಲಸ ಇಲ್ಲ.

ನಾಲ್ಕು ಮ್ಯಾಗಜೀನ್‌ಗಳ ಜಾಗ

ಒಂದು ಮ್ಯಾಗಜೀನ್‌ಗೆ ಐದು ಗುಂಡು. ಪುರುಷರ 20 ಕಿಲೋಮೀಟರ್ ವೈಯಕ್ತಿಕ ಸ್ಪರ್ಧೆಯಲ್ಲಿ ನಾಲ್ಕು ಸಲ ರೇಂಜಿಗೆ ಬರಬೇಕು, ಒಟ್ಟು 20 ಗುಂಡು. ಹಾಗಾಗಿ ರೈಫಲ್‌ನ ಸ್ಟಾಕ್‌ನಲ್ಲಿಯೇ ನಾಲ್ಕು ಮ್ಯಾಗಜೀನ್ ಸಿಕ್ಕಿಸಿಡುವ ಗೂಡುಗಳಿರುತ್ತವೆ.

ಇಲ್ಲಿ ತೂಕ ದೊಡ್ಡ ವಿಷಯವಲ್ಲ. ಪಾಯಿಂಟ್ 22 ಗುಂಡಿನ ಸೀಸದ ತುದಿ ಸಾಮಾನ್ಯವಾಗಿ 2.6 ಗ್ರಾಂ ಮಾತ್ರ. ಲೆಕ್ಕಕ್ಕೆ ಬರುವುದು ಕೈ ಎಷ್ಟು ದೂರ ಹೋಗಬೇಕು ಎಂಬುದು. ಮಲಗಿ ಹೊಡೆಯುವಾಗ ಎಡಗೈ ಪಟ್ಟಿಯಲ್ಲಿ ಬಿಗಿದುಕೊಂಡು ರೈಫಲನ್ನು ಹೊತ್ತಿರುತ್ತದೆ; ಕೆಲಸ ಮಾಡಬೇಕಾದದ್ದು ಬಲಗೈ. ಚಳಿಗೆ ಮರಗಟ್ಟಿದ ಬೆರಳು ಮ್ಯಾಗಜೀನನ್ನು ನೋಡದೆಯೇ ಹುಡುಕಿ ತೆಗೆಯುವಂತಿರಬೇಕು, ತೆಗೆದದ್ದನ್ನು ತಿರುಗಿಸದೆ ನೇರವಾಗಿ ಒಳಗೆ ಹಾಕುವಂತಿರಬೇಕು. ಬಿದ್ದರೆ ಹಿಮ ಮೆತ್ತಿಕೊಳ್ಳುತ್ತದೆ. ಹಿಮ ಕರಗಿ ಮತ್ತೆ ಗಟ್ಟಿಯಾದರೆ ಸ್ಪ್ರಿಂಗ್ ಅಲ್ಲಾಡುವುದಿಲ್ಲ.

ತಪ್ಪಿದರೆ ಏನು?

20 ಕಿಲೋಮೀಟರ್ ವೈಯಕ್ತಿಕ ಸ್ಪರ್ಧೆಯಲ್ಲಿ ತಪ್ಪಿದ ಪ್ರತಿ ಗುಂಡಿಗೂ ಒಟ್ಟು ಸಮಯಕ್ಕೆ ಒಂದು ನಿಮಿಷ ಸೇರಿಸುತ್ತಾರೆ. ಸ್ಪ್ರಿಂಟ್, ಪರ್ಸ್ಯೂಟ್, ಮಾಸ್ ಸ್ಟಾರ್ಟ್‌ಗಳಲ್ಲಿ ಒಂದು ತಪ್ಪಿಗೆ 150 ಮೀಟರ್‌ನ ಒಂದು ದಂಡದ ಸುತ್ತು. ನುರಿತವರಿಗೂ ಒಂದು ಸುತ್ತಿಗೆ 25 ಸೆಕೆಂಡಿನ ಆಸುಪಾಸು ಬೇಕು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ 15 ಕಿಲೋಮೀಟರ್ ಮಾಸ್ ಸ್ಟಾರ್ಟ್‌ನಲ್ಲಿ ಫ್ರಾನ್ಸಿನ ಮಾರ್ಟಿನ್ ಫೋರ್ಕಾಡ್ ಮತ್ತು ಜರ್ಮನಿಯ ಸೈಮನ್ ಶೆಂಪ್ ಇಬ್ಬರ ಸಮಯವೂ 35 ನಿಮಿಷ 47.3 ಸೆಕೆಂಡು. ಫೋಟೋ ನೋಡಿ ಫೋರ್ಕಾಡ್‌ಗೆ ಚಿನ್ನ ಕೊಟ್ಟರು. ಇಂಥ ಕಡೆ ಒಂದು ಸುತ್ತು ಎಂದರೆ ಏನೆಂದು ಹೇಳಬೇಕಾಗಿಲ್ಲ.

ಈ ಯಾವ ಸ್ಪರ್ಧೆಯಲ್ಲೂ ಗುರಿ ತಪ್ಪಿದ್ದಕ್ಕೆ ಹೆಚ್ಚುವರಿ ಗುಂಡು ಇಲ್ಲ. ಅದು ಸಿಗುವುದು ರಿಲೇಯಲ್ಲಿ. ನಾಲ್ವರ ತಂಡದ ಪ್ರತಿಯೊಬ್ಬರಿಗೂ ಪ್ರತಿ ಸಲದ ಶೂಟಿಂಗ್‌ಗೆ ಐದರ ಜೊತೆ ಇನ್ನೂ ಮೂರು ಗುಂಡು. ಎಂಟರಲ್ಲಿ ಐದು ಗುರಿ ಬೀಳಿಸಿದರೆ ದಂಡವಿಲ್ಲ.

ಆದರೆ ಒಂದು ಷರತ್ತಿದೆ. ಆ ಮೂರು ಗುಂಡುಗಳನ್ನು ಮ್ಯಾಗಜೀನ್‌ನಿಂದ ಹೊಡೆಯುವಂತಿಲ್ಲ. ಒಂದೊಂದನ್ನೇ ಕೈಯಿಂದ ತುಂಬಬೇಕು. ಹಾಗೆ ತುಂಬಿ ಹೊಡೆಯಲು ಒಂದಕ್ಕೆ ಏಳರಿಂದ ಹತ್ತು ಸೆಕೆಂಡು ಬೇಕಾಗುತ್ತದೆ. ಲೆಕ್ಕ ಹಾಕಿ. ಎರಡು ಗುರಿ ಉಳಿದಿವೆ ಎಂದುಕೊಳ್ಳಿ. ಎರಡು ಹೆಚ್ಚುವರಿ ಗುಂಡಿನಲ್ಲಿ ಬೀಳಿಸಿದರೆ ಸುಮಾರು 20 ಸೆಕೆಂಡು ಖರ್ಚು. ಎರಡು ಸುತ್ತು ಹಾಕಿದ್ದರೆ ಸುಮಾರು 50. ಲಾಭವೇ. ಆದರೆ ಗಡಿಬಿಡಿಯಲ್ಲಿ ಮೂರನ್ನೂ ಗುರಿ ತಪ್ಪಿಸಿದರೆ ಮೂವತ್ತರ ಹತ್ತಿರ ಸೆಕೆಂಡು ಕಳೆದು, ಮೇಲೆ ಎರಡು ಸುತ್ತೂ ಹಾಕಬೇಕು.

ರಿಲೇಯಲ್ಲಿ ಒಬ್ಬ ಕಳೆದ ಸೆಕೆಂಡುಗಳನ್ನು ಉಳಿದ ಮೂವರು ಹೊರಬೇಕು. ಹಾಗಾಗಿ ಅಲ್ಲಿ ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶ ಇದೆ, ಆದರೆ ಪುಕ್ಕಟೆಯಾಗಿ ಅಲ್ಲ. ಈ ನಿಯಮ ನನಗೆ ಬಹಳ ನ್ಯಾಯವಾದದ್ದು ಅನಿಸುತ್ತದೆ.

ಮೂರು ಗುಂಡು ಎಲ್ಲಿಡಬೇಕು? ಮಲಗಿ ಹೊಡೆಯುವಾಗ ಮ್ಯಾಟಿನ ಬಳಿಯ ಬಟ್ಟಲಿಗೆ ಮೊದಲೇ ಹಾಕಿಟ್ಟುಕೊಳ್ಳಬಹುದು. ಆಗ ತೆಗೆಯುವುದು ಸುಲಭ. ಆದರೆ ಐದಕ್ಕೆ ಐದೂ ಬಿದ್ದರೆ, ಹಾಕಲು ಕಳೆದ ಒಂದೆರಡು ಸೆಕೆಂಡು ವ್ಯರ್ಥ. ಸ್ಟಾಕ್‌ನಲ್ಲೇ ಬಿಟ್ಟರೆ ಬೇಕಾದಾಗ ಮಾತ್ರ ಕೈ ಹಾಕಬಹುದು, ಆದರೆ ತುಸು ನಿಧಾನ. ನಿಂತು ಹೊಡೆಯುವಾಗ ನೆಲದ ಕಡೆ ಬಗ್ಗಿದರೆ ಸಾಧಿಸಿದ ನಿಲುವೇ ಕೆಡುತ್ತದೆ. ಅಲ್ಲಿ ಸ್ಟಾಕ್‌ನಲ್ಲಿರುವುದೇ ಮೇಲು. ಎಲ್ಲರಿಗೂ ಒಪ್ಪುವ ಒಂದೇ ಜಾಗ ಇಲ್ಲ. ತನ್ನ ಕೈಗೆ ಯಾವುದು ಒಗ್ಗುತ್ತದೆ ಎಂದು ಅಭ್ಯಾಸದಲ್ಲೇ ತೀರ್ಮಾನಿಸಿರಬೇಕು.

ಸಲಕರಣೆ ಕೈಕೊಟ್ಟರೆ

ಗುಂಡು ಬಿದ್ದುಹೋದರೆ, ಸಿಡಿಯದಿದ್ದರೆ, ಅದರ ಬದಲಿಗೆ ಸ್ಪರ್ಧಿ ತನ್ನ ಬಳಿಯಿರುವ ಬಿಡಿ ಗುಂಡನ್ನು ಕೈಯಿಂದ ತುಂಬಿಕೊಳ್ಳಬಹುದು. ರೈಫಲ್ಲೇ ಕೆಟ್ಟರೆ ಕೈ ಎತ್ತಬೇಕು. ತಂಡ ಮೊದಲೇ ರೇಂಜಿನಲ್ಲಿ ಇಟ್ಟಿರುವ ಬದಲಿ ರೈಫಲ್ ತಂದುಕೊಡುತ್ತಾರೆ. ಆದರೆ ಕಳೆದ ಸಮಯವನ್ನು ಯಾರೂ ವಾಪಸ್ ಕೊಡುವುದಿಲ್ಲ. ಆದ್ದರಿಂದ ಮ್ಯಾಗಜೀನ್ ಚೆನ್ನಾಗಿಟ್ಟುಕೊಳ್ಳುವುದೇ ದೊಡ್ಡ ಉಳಿತಾಯ.

ಪಾಯಿಂಟ್ 22 ಗುಂಡಿನ ಬುಡದಲ್ಲಿ ಸುತ್ತಲೂ ಸಣ್ಣ ಅಂಚು ಇರುತ್ತದೆ. ಮ್ಯಾಗಜೀನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಸರಿದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ಗುಂಡು ಮೇಲೆ ಬರುವುದಿಲ್ಲ. ಬೋಲ್ಟ್ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಇದು ಬಯಾಥ್ಲಾನ್‌ಗೂ ಒಂದೇ, ನಮ್ಮ ರೇಂಜಿಗೂ ಒಂದೇ.

ನಮ್ಮ ಕೆಡೆಟ್‌ಗಳಿಗೆ

ಬಯಾಥ್ಲಾನ್‌ನಿಂದ ನಾವು ಕಲಿಯಬಹುದಾದದ್ದು ಇಷ್ಟು:

1. ಸ್ಪರ್ಧೆಯ ನಿಯಮ ಮೊದಲು ಓದಿ. ಹೆಚ್ಚುವರಿ ಗುಂಡು ಉಂಟೋ ಇಲ್ಲವೋ, ಇದ್ದರೆ ಯಾವುದಕ್ಕೆ ಎಂದು ತಿಳಿದಿರಲಿ.
2. ಒಂದಕ್ಕಿಂತ ಹೆಚ್ಚು ಮ್ಯಾಗಜೀನ್ ಇದ್ದರೆ ಗುರುತಿಗೆ ಸಂಖ್ಯೆ ಹಾಕಿ. ತೊಂದರೆ ಕೊಡುವುದು ಯಾವುದೆಂದು ಆಗಲೇ ಗೊತ್ತಾಗುವುದು.
3. ಬಾಯಿಯ ಅಂಚು ಬಗ್ಗಿದ, ಸ್ಪ್ರಿಂಗ್ ಸೋತ ಮ್ಯಾಗಜೀನನ್ನು ಸ್ಪೇರ್ ಎಂದು ಇಟ್ಟುಕೊಳ್ಳಬೇಡಿ. ಮೊದಲನೆಯದಷ್ಟೇ ನಂಬಿಕೆಗೆ ಅರ್ಹವಾದದ್ದು ಮಾತ್ರ ಸ್ಪೇರ್.
4. ಗುಂಡು ಸಿಡಿಯದಿದ್ದರೆ ನಳಿಕೆ ಟಾರ್ಗೆಟ್ ಕಡೆಗೇ ಇರಲಿ. ಕೈ ಎತ್ತಿ, ರೇಂಜಿನಲ್ಲಿರುವ ಅಧಿಕಾರಿಗೆ ತಿಳಿಸಿ, ಅವರು ಹೇಳಿದಂತೆ ಮಾಡಿ. ಸ್ವಂತ ಬುದ್ಧಿ ಬೇಡ.

ಮುಂದಿನ ಶಿಬಿರಕ್ಕೆ ನಮ್ಮ ಫೈರಿಂಗ್ ತಂಡದ ಆಯ್ಕೆ ನಡೆಯಲಿದೆ. ತಂಡಕ್ಕೆ ಬರುವವರು ಗ್ರೂಪಿಂಗ್ ಜೊತೆಗೆ ಇದನ್ನೂ ಅಭ್ಯಾಸ ಮಾಡಿಕೊಂಡು ಬನ್ನಿ: ಒಂದು ಗುಂಡು ಕೆಟ್ಟ ಮೇಲೆ ಮುಂದಿನದನ್ನು ಅವಸರಿಸದೆ ಹೊಡೆಯುವುದು. ಹೆಚ್ಚುವರಿ ಗುಂಡು ಕೈಯಲ್ಲಿದ್ದರೂ ಇಲ್ಲದಿದ್ದರೂ ಕೊನೆಗೆ ಉಪಯೋಗಕ್ಕೆ ಬರುವುದು ಆ ಒಂದು ನಿಧಾನದ ಉಸಿರು.