ಅಟ್ಟದಲ್ಲಿ ಸಿಕ್ಕ ಜರ್ಮನ್ ಪಿಸ್ತೂಲಿಗೆ ಬೆಲೆ ಎಷ್ಟು?

ಹೊಳಲ್ಕೆರೆ ಕಡೆಯ ಒಂದು ಮನೆಯವರು ಪಾಲಿನ ಲೆಕ್ಕ ಕೇಳಲು ಬಂದಿದ್ದರು. ಗುಜರಿ ವ್ಯಾಪಾರಕ್ಕೆಂದು ಕರಾವಳಿಯಿಂದ ಘಟ್ಟ ಹತ್ತಿದ್ದ ಹಿರಿಯರು ತೀರಿಹೋಗಿ ಒಂದೂವರೆ ತಿಂಗಳಾಗಿತ್ತು. ಮನೆ, ಜಾಗ, ಅಂಗಡಿ ಎಲ್ಲ ಬರೆದಾದ ಮೇಲೆ ದೊಡ್ಡ ಮಗ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು.

“ಉಸ್ತಾದರೇ, ಬಾಪ ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಜರ್ಮನಿಯದ್ದಂತೆ, ಹೊರದೇಶದಲ್ಲಿ ಲಕ್ಷಗಟ್ಟಲೆ ಬೆಲೆಯಂತೆ. ಇದನ್ನೂ ಪಾಲಿಗೆ ಸೇರಿಸಬೇಕಾ?”

ತಂಗಿಯರಿಗೆ ಇನ್ನೂ ಹೇಳಿರಲಿಲ್ಲ. ಯಾರೋ ದಲ್ಲಾಳಿ ಮುಂಗಡ ಕೊಡಲು ತಯಾರಿದ್ದನಂತೆ. ಎರಡು ದಿನ ಟೈಮ್ ಕೊಡಿ, ಅಲ್ಲಿವರೆಗೆ ಯಾರೂ ಮುಟ್ಟಬೇಡಿ ಅಂದೆ. ಓದಿದೆ, ಪರಿಚಯದ ವಕೀಲರನ್ನೂ ಕೇಳಿದೆ.

ಫೋಟೋದಲ್ಲಿದ್ದದ್ದು ಲೂಗರ್ ಪಿಸ್ತೂಲು. ಗುರುತು ಹಿಡಿಯುವುದು ಕಷ್ಟವಲ್ಲ. ಇದರ ಬೆನ್ನಿನ ಮೇಲೆ ಒಂದು ಕೀಲು ಇರುತ್ತದೆ, ಗುಂಡು ಹಾರಿದಾಗ ಮಡಚಿದ ಮೊಣಕೈಯಂತೆ ಮೇಲಕ್ಕೆದ್ದು ಹಿಂದೆ ಬಾಗುತ್ತದೆ. ಜರ್ಮನ್ ಭೂಸೇನೆ 1908ರಲ್ಲಿ ಇದನ್ನು ಒಪ್ಪಿಕೊಂಡಿತು, ಹಾಗಾಗಿ ಪಿ 08 ಎಂಬ ಹೆಸರು. ಮಾಮೂಲಿನದ್ದರ ನಳಿಗೆ 4 ಇಂಚು, ನೌಕಾಪಡೆಯದ್ದು 6, ಫಿರಂಗಿ ದಳದ್ದು 8. ಕೀಲಿನ ಮೇಲೆ ಡಿ, ಡಬ್ಲ್ಯು, ಎಂ ಅಕ್ಷರಗಳು ಹೆಣೆದುಕೊಂಡಿದ್ದರೆ ಬರ್ಲಿನ್‌ನ ಕಂಪನಿಯದ್ದು. ಕಿರೀಟ ಮತ್ತು ಎರ್ಫುರ್ಟ್ ಎಂದಿದ್ದರೆ ಸರ್ಕಾರಿ ಕಾರ್ಖಾನೆಯದ್ದು. ಈ ಫೋಟೋದಲ್ಲಿ ಹೆಣೆದ ಅಕ್ಷರ ಇತ್ತು, ನಳಿಗೆಯ ಬುಡದಲ್ಲಿ 1916 ಎಂದಿತ್ತು.

ಇದೇ ಕಾಲದ ಇನ್ನೊಂದು ಪಿಸ್ತೂಲು ಮೌಸರ್ ಸಿ 96. ಅದರ ಹಿಡಿ ಪೊರಕೆ ಹಿಡಿಯ ಹಾಗೆ ದುಂಡಗೆ, ಗುಂಡಿನ ಪೆಟ್ಟಿಗೆ ಕುದುರೆಯ ಮುಂದೆ.

ಜರ್ಮನ್ ಪಿಸ್ತೂಲು ಚಿತ್ರದುರ್ಗ ಜಿಲ್ಲೆಯಲ್ಲಿ ಸಿಗುತ್ತದಾ ಅಂದರೆ, ಸಿಗಬಾರದು ಅಂತೇನಿಲ್ಲ. ಆಗ ಇದು ಮೈಸೂರು ಸಂಸ್ಥಾನ. ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಮೊದಲನೇ ಮಹಾಯುದ್ಧಕ್ಕೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣ ಹಿಡಿಯಿತು. ಎದುರಿಗಿದ್ದದ್ದು ತುರ್ಕಿ ಮತ್ತು ಜರ್ಮನ್ ಸೈನ್ಯ. ಖಲೀಫರ ಸೈನ್ಯದ ಮೇಲೆ ನಮ್ಮ ನಾಡಿನವರೇ ಭರ್ಜಿ ಹಿಡಿದು ಹೋದ ಸುದ್ದಿ ಇಲ್ಲಿನ ಮುಸ್ಲಿಮರಿಗೆ ಸುಲಭದ ಸುದ್ದಿ ಆಗಿರಲಿಕ್ಕಿಲ್ಲ. ಅಂಥ ಯುದ್ಧಗಳಿಂದ ಸಿಪಾಯಿಗಳು ನೆನಪಿಗೆಂದು ಏನೇನೋ ತರುತ್ತಿದ್ದರು. ಕೊನೆಗೆ ಎಲ್ಲ ಸೇರುವುದು ಗುಜರಿಗೇ ತಾನೇ!

ಬೆಲೆ ನಿಲ್ಲುವುದು ನಂಬರಿನ ಮೇಲೆ. ಲೂಗರ್‌ನ ಚಿಕ್ಕ ಭಾಗಗಳ ಮೇಲೂ ಮೂಲ ನಂಬರಿನ ಕೊನೆಯ ಎರಡು ಅಂಕಿ ಕೊರೆದಿರುತ್ತಾರೆ. ಎಲ್ಲ ಹೊಂದಿದರೆ ಒಂದು ಬೆಲೆ, ಒಂದು ತಪ್ಪಿದರೂ ಇಳಿಯುತ್ತದೆ. ಹೊಳೆಯಲಿ ಅಂತ ಪಾಲಿಶ್ ಮಾಡಿಸಿದರೆ ಮುಗಿಯಿತು. ಗಡಿಯಾಚೆಯ ದರ್ರಾ ಆದಂ ಖೇಲ್‌ನಲ್ಲಿ ಕಮ್ಮಾರರು ಕೈಯಲ್ಲೇ ನಕಲು ಮಾಡುತ್ತಾರೆ. ಅಂಥವುಗಳಲ್ಲಿ ಅಕ್ಷರ ತಪ್ಪಿರುತ್ತದೆ, ಸೊಟ್ಟಗಿರುತ್ತದೆ.

ಆದರೆ ಇದೆಲ್ಲ ಹೊರದೇಶದ ಹರಾಜಿನ ಮಾತು. ನಮ್ಮಲ್ಲಿ ಮೊದಲು ಕೇಳಬೇಕಾದ್ದು ಲೈಸನ್ಸ್ ಇದೆಯಾ ಅಂತ. ನೂರು ವರ್ಷ ಹಳೆಯದು, ಆ್ಯಂಟಿಕ್, ಏನೂ ಆಗಲ್ಲ ಅಂತ ತುಂಬ ಜನ ತಿಳಿದಿದ್ದಾರೆ. ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆ ಆಯುಧಕ್ಕೆ ಮಾತ್ರ. ಎಣ್ಣೆ ಬಟ್ಟೆ ಸುತ್ತಿ ಇಟ್ಟ ಲೂಗರ್ ಈಗಲೂ ಹಾರಿಸಬಹುದು. ಮೇಲಾಗಿ ಅದು 9 ಎಂಎಂ, ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಲೈಸನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡರೆ 2019ರ ತಿದ್ದುಪಡಿ ಪ್ರಕಾರ ಕನಿಷ್ಠ 2 ವರ್ಷ ಜೈಲು, ನಿಷೇಧಿತ ವರ್ಗಕ್ಕೆ ಸೇರಿದರೆ 7 ವರ್ಷದಿಂದ ಶುರು. ಹೊರದೇಶಕ್ಕೆ ಕಳಿಸುವ ದಾರಿಯೂ ಇಲ್ಲ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ಹಾಗಾದರೆ ಆ ದಲ್ಲಾಳಿ ಯಾರಿಗೆ ಮಾರುತ್ತಾನೆ? ಯೋಚಿಸಿ ನೋಡಿ.

ಲೈಸನ್ಸ್ ಇದ್ದವರು ತೀರಿಕೊಂಡರೆ ಬೇರೆ. ವಾರಸುದಾರರು ತಡಮಾಡದೆ ಠಾಣೆಯಲ್ಲೋ ಲೈಸನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಟ್ಟು, ತಮ್ಮ ಹೆಸರಿಗೆ ಅರ್ಜಿ ಹಾಕಬಹುದು, ಅಥವಾ ಅರ್ಹರಿಗೆ ಮಾರಬಹುದು. ಆ ಹಣ ಎಲ್ಲ ವಾರಸುದಾರರದ್ದು. ಉಮ್ಮನಿಗೆ ಎಂಟನೇ ಒಂದು, ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ತಂಗಿಯರಿಗೆ ಹೇಳದೆ ಮುಂಗಡ ತೆಗೆದುಕೊಂಡರೆ ಅದು ಅವರ ಹಕ್ಕು ತಿಂದ ಹಾಗೆ. ಈ ಮನೆಯಲ್ಲಿ ಹುಡುಕಿದರೂ ಲೈಸನ್ಸ್ ಪುಸ್ತಕ ಸಿಗಲಿಲ್ಲ.

ಇನ್ನೊಂದು ಮಾತು. ಹಳೆಯದೆಂದು ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವವರಿದ್ದಾರೆ. 2018ರಲ್ಲಿ ಹೊಸನಗರ ತಾಲೂಕಿನ ನಗರದ ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಾಗ ಅವುಗಳೊಳಗೆ ಮದ್ದಿನ ಅಂಶ ಇನ್ನೂ ಇತ್ತು. ಲೂಗರ್‌ನ ಮೇಲ್ಭಾಗದ ಚಿಕ್ಕ ಪಟ್ಟಿಯಲ್ಲಿ ಗೆಲಾಡೆನ್ ಎಂಬ ಜರ್ಮನ್ ಪದ ಕಂಡರೆ ಒಳಗೆ ಗುಂಡಿದೆ ಅಂತ ಅರ್ಥ. ಕಾಣದಿದ್ದರೂ ಮುಟ್ಟಬೇಡಿ. ಒರೆಯಿಂದ ತೆಗೆದ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದನ್ನೇ ಪ್ರವಾದಿ (ಸ) ತಡೆದಿದ್ದಾರೆ.

ಎರಡು ದಿನ ಬಿಟ್ಟು ಎಲ್ಲರನ್ನೂ ಕೂರಿಸಿ ಮಾತಾಡಿದೆವು. ತಂಗಿಯರಿಗೆ ಆಗಲೇ ಗೊತ್ತಾದದ್ದು. ಸಣ್ಣವಳಿಗೆ ಅಣ್ಣನ ಮೇಲೆ ಸಿಟ್ಟು ಬಂತು, ಉಮ್ಮ ಸಮಾಧಾನ ಮಾಡಿದರು. ಬೈಕಿನಲ್ಲಿ ಹಾಕಿಕೊಂಡು ಹೋದರೆ ದಾರಿಯಲ್ಲೇ ಕೇಸಾದೀತು ಅಂತ ವಕೀಲರು ಮೊದಲು ಠಾಣೆಗೆ ಫೋನ್ ಮಾಡಿದರು. ಪೊಲೀಸರೇ ಮನೆಗೆ ಬಂದರು. ಜಮಾಅತ್ ಅಧ್ಯಕ್ಷರ ಎದುರಲ್ಲಿ ಪಂಚನಾಮೆ ಆಯಿತು, ವಾರಸುದಾರರೆಲ್ಲ ಸಹಿ ಹಾಕಿದರು. ದಲ್ಲಾಳಿ ಆಮೇಲೆ ಫೋನ್ ಎತ್ತಲಿಲ್ಲವಂತೆ.