ಒಂದೆಡೆ ಅಳಿಸಿದರೆ ಎಲ್ಲೆಡೆ ಮಾಯ

ಪತಿ ದಮ್ಮಾಮಿನಲ್ಲಿ, ಮಗ ಬೆಂಗಳೂರಿನ ಹಾಸ್ಟೆಲಿನಲ್ಲಿ, ನೀವು ಊರಿನಲ್ಲಿ ಎಂದಿಟ್ಟುಕೊಳ್ಳಿ. ಮಗಳ ಅಂಕಪಟ್ಟಿ, ಜಾಗದ ದಾಖಲೆ, ನಿಕಾಹ್‌ನಾಮ, ಪಾಸ್‌ಪೋರ್ಟಿನ ಪ್ರತಿ ಎಲ್ಲವೂ ಡ್ರಾಪ್‌ಬಾಕ್ಸ್‌ನ ಒಂದೇ ಫೋಲ್ಡರಿನಲ್ಲಿವೆ. ಮೂವರ ಕಂಪ್ಯೂಟರಿನಲ್ಲೂ ಅದು ಕಾಣಿಸುತ್ತದೆ. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಅದರಿಂದ ಹಳೆಯ ಫೈಲುಗಳನ್ನು ಅಳಿಸುತ್ತೀರಿ. ಹೇಗೂ ಅವರಿಬ್ಬರ ಬಳಿ ಇದೆಯಲ್ಲಾ ಎಂಬ ಧೈರ್ಯ. ಸ್ವಲ್ಪ ಹೊತ್ತಿನಲ್ಲೇ ದಮ್ಮಾಮಿನಲ್ಲೂ ಬೆಂಗಳೂರಿನಲ್ಲೂ ಅವು ಮಾಯವಾಗುತ್ತವೆ!

ಹೀಗೇಕಾಯಿತು?

ಕ್ಲೌಡ್ ಎಂದರೆ ಮೋಡ. ಆದರೆ ಆಕಾಶದಲ್ಲೇನೂ ಇಲ್ಲ. ನೆಲದ ಮೇಲಿನ ದೊಡ್ಡ ಕಟ್ಟಡಗಳಲ್ಲಿ ಕಂಪೆನಿಗಳು ಹಗಲಿರುಳು ನಡೆಸುವ ಸಾವಿರಾರು ಕಂಪ್ಯೂಟರುಗಳಿಗೆ ಇಟ್ಟ ಹೆಸರದು. ಡ್ರಾಪ್‌ಬಾಕ್ಸನ್ನು 2007ರಲ್ಲಿ ಅಮೆರಿಕದಲ್ಲಿ ಆರಂಭಿಸಿದವರು ಡ್ರೂ ಹೂಸ್ಟನ್ ಮತ್ತು ಇರಾನಿ ಮೂಲದ ಕುಟುಂಬದ ಅರಾಶ್ ಫಿರ್ದೌಸಿ. ಬಸ್ಸಿನಲ್ಲಿ ಹೊರಟ ಹೂಸ್ಟನ್ ಪೆನ್‌ಡ್ರೈವನ್ನು ಮನೆಯಲ್ಲೇ ಮರೆತದ್ದು ಈ ಯೋಚನೆಗೆ ಕಾರಣವಂತೆ.

ನಿಮ್ಮ ಕಂಪ್ಯೂಟರಿನಲ್ಲಿರುವ ಪುಟ್ಟ ತಂತ್ರಾಂಶವೊಂದು ಆ ಫೋಲ್ಡರನ್ನು ಸದಾ ಕಾಯುತ್ತಿರುತ್ತದೆ. ಫೈಲನ್ನು ಹೆಚ್ಚೆಂದರೆ 4 ಎಂಬಿಯ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಬೆರಳಚ್ಚಿನಂತಹ ಒಂದು ಗುರುತು ಲೆಕ್ಕ ಹಾಕುತ್ತದೆ. ಗುರುತು ಬದಲಾದ ತುಂಡು ಮಾತ್ರ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಉಳಿದ ಕಂಪ್ಯೂಟರುಗಳಿಗೆ. ಮದ್ರಸದಲ್ಲಿ ಮಗು ಪಾಠ ಒಪ್ಪಿಸುವಾಗ ತಪ್ಪಿದ ಆಯತ್ತನ್ನಷ್ಟೇ ಮತ್ತೆ ಓದಿಸುತ್ತೇವಲ್ಲವೇ, ಹಾಗೆ. ಇಬ್ಬರು ಒಂದೇ ಫೈಲನ್ನು ಏಕಕಾಲದಲ್ಲಿ ತಿದ್ದಿದರೆ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸುತ್ತದೆ.

ಅಳಿಸುವುದೂ ಅದರ ಪಾಲಿಗೆ ಒಂದು ಬದಲಾವಣೆಯೇ. ನೀವು ಜಾಗಕ್ಕಾಗಿ ಅಳಿಸಿದಿರೋ, ಬೇಡವೆಂದು ಅಳಿಸಿದಿರೋ ಅದಕ್ಕೆ ತಿಳಿಯದು. ನಿಷ್ಠೆಯಿಂದ ಎಲ್ಲೆಡೆ ಅಳಿಸುತ್ತದೆ. ಮೂರು ಕಡೆ ಕಂಡರೂ ಲೆಕ್ಕಕ್ಕೆ ಅದು ಒಂದೇ ಪ್ರತಿ.

ಗಾಬರಿಯಾಗಬೇಡಿ. ಡ್ರಾಪ್‌ಬಾಕ್ಸಿನ ಉಚಿತ ಖಾತೆಯಲ್ಲಿ ಅಳಿಸಿದ್ದನ್ನು 30 ದಿನಗಳೊಳಗೆ ಮರಳಿ ಪಡೆಯಬಹುದು. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲೂ ಫೈಲು 30 ದಿನ ಇರುತ್ತದೆ. ಅಲ್ಲಿ ಇನ್ನೊಂದು ವ್ಯತ್ಯಾಸವಿದೆ. ನೀವು ಹಂಚಿದ ಫೈಲನ್ನು ಶಾಶ್ವತವಾಗಿ ಅಳಿಸುವ ಹಕ್ಕು ಅದರ ಒಡೆಯರಾದ ನಿಮಗೇ ಇರುತ್ತದೆ. ಜಾಗ ಬೇಕಿದ್ದರೆ ಅಳಿಸುವ ಬದಲು ಆ ಫೈಲನ್ನು 'ಆನ್‌ಲೈನ್ ಓನ್ಲಿ' ಮಾಡಿ. ಕಂಪ್ಯೂಟರಿನಲ್ಲಿ ಹೆಸರು ಮಾತ್ರ ಉಳಿದು, ಫೈಲು ಸರ್ವರಿನಲ್ಲಿರುತ್ತದೆ. ಮನೆಯ ಎಲ್ಲರಿಗೂ ತಿದ್ದುವ ಅನುಮತಿ ಕೊಡಬೇಕೆಂದೇನೂ ಇಲ್ಲ. ಮಕ್ಕಳಿಗೆ ನೋಡುವ ಅನುಮತಿ ಸಾಕು.

ಸಹೋದರಿಯರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಮದುವೆಯ ಫೋಟೋಗಳ ಫೋಲ್ಡರನ್ನು 'ಲಿಂಕ್ ಇರುವ ಯಾರೂ ನೋಡಬಹುದು' ಎಂದು ಇಟ್ಟು ವಾಟ್ಸಾಪ್ ಗುಂಪಿಗೆ ಹಾಕಿದರೆ, ಆ ಲಿಂಕ್ ಮುಂದೆ ಯಾರ ಕೈಗೂ ಸೇರಬಹುದು. ಅನ್ಯರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ನಾವಾದರೋ ಬಾಗಿಲನ್ನೇ ತೆರೆದಿಟ್ಟು ಮಲಗುತ್ತೇವೆ! ನೋಡಬೇಕಾದವರ ಇಮೇಲ್ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ. ಹಿಂದೆ ಕಳುಹಿಸಿದ ಲಿಂಕುಗಳಿದ್ದರೆ ಇಂದೇ ರದ್ದು ಮಾಡಿ.

ದಾಖಲೆಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಿಂದ ತೆಗೆದು ಬೀರುವಿನಲ್ಲಿಡಿ. ಫೋಲ್ಡರಿನಲ್ಲಿ ಯಾರು ಏನು ಅಳಿಸಿದರೂ ಅದಕ್ಕೆ ತಟ್ಟದು. ಮೂರು ತಿಂಗಳಿಗೊಮ್ಮೆ ಹೊರತೆಗೆದು, ತೆರೆಯುತ್ತದೆಯೇ ಎಂದು ನೋಡಿ ಹೊಸ ಫೈಲುಗಳನ್ನು ಸೇರಿಸಿ.